ಧೂಪದಾಳದಿಂದ ಕೊಲ್ಹಾರದ ತನಕ, ಒಂದೇ ಬೈನಾಕ್ಯುಲರ್‌ನಲ್ಲಿ

ಫೆಬ್ರವರಿ ನಡುವಿನ ಆ ವಾರಾಂತ್ಯಕ್ಕೆ ನಮ್ಮ ಮನೆಯಲ್ಲಿ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ. ಮದುವೆ, ಗೃಹಪ್ರವೇಶ ಏನೇ ಇದ್ದರೂ ಬಂಧುಗಳಿಗೆ ಮೊದಲೇ ಹೇಳಿಬಿಡುತ್ತೇವೆ, ಶುಕ್ರವಾರದಿಂದ ಸೋಮವಾರದ ತನಕ ನಾವು ಸಿಗಲ್ಲ ಅಂತ. ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುವ ದಿನಗಳು ಅವು. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಹಕ್ಕಿ ಎಣಿಕೆ 2013ರಿಂದ ನಮ್ಮ ದೇಶದಲ್ಲೂ ನಡೆಯುತ್ತಿದೆ. ನಿಯಮ ತುಂಬಾ ಸರಳ. ಯಾವುದಾದರೂ ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ಇರಬೇಕು, ಕಂಡ ಹಕ್ಕಿ, ಕೂಗು ಕೇಳಿದ ಹಕ್ಕಿ ಎಲ್ಲವನ್ನೂ ಬರೆದುಕೊಳ್ಳಬೇಕು, ಆಮೇಲೆ ಇಬರ್ಡ್ ಆ್ಯಪ್‌ಗೆ ಏರಿಸಬೇಕು. ಜಾಗ ಮನೆಯ ಅಂಗಳ ಆದರೂ ಸರಿ, ಆಣೆಕಟ್ಟಿನ ಹಿನ್ನೀರಾದರೂ ಸರಿ. ಕಾಗೆಗೂ ಒಂದು ಸಾಲು, ರಾಜಹಂಸಕ್ಕೂ ಒಂದು ಸಾಲು. ನನಗೆ ಈ ಎಣಿಕೆ ಇಷ್ಟವಾಗಿದ್ದೇ ಅದಕ್ಕೆ.

ನಮ್ಮ ಹತ್ತಿರ ಇರುವುದು ಒಂದೇ ಬೈನಾಕ್ಯುಲರ್. 8 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು, ಮುಂದಿನ ಗಾಜು 42 ಮಿಲಿಮೀಟರ್. ಹಕ್ಕಿ ನೋಡಲು ಶುರು ಮಾಡುವವರಿಗೆ ಇದೇ ಅಳತೆ ಸಾಕು, ಇದಕ್ಕಿಂತ ಜಾಸ್ತಿ ಪಟ್ಟು ಇದ್ದರೆ ಕೈ ನಡುಗಿದಷ್ಟೂ ಹಕ್ಕಿ ನಡುಗುತ್ತದೆ. ಇನ್ನೊಂದು ಕೊಳ್ಳಬಹುದಿತ್ತು, ಬೇಕಂತಲೇ ಕೊಂಡಿಲ್ಲ. ಯಾಕಂದ್ರೆ ಬೈನಾಕ್ಯುಲರ್ ಯಾರ ಕೈಯಲ್ಲಿದೆಯೋ ಅವರು ಕಂಡಿದ್ದನ್ನು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಬರಿಗಣ್ಣಲ್ಲಿ ನೋಡುತ್ತಾ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಕೊಕ್ಕು ಹೇಗಿದೆ, ಕಾಲಿನ ಬಣ್ಣ ಏನು, ಹಾರುವಾಗ ಬೆನ್ನಿನ ಮೇಲೆ ಬಿಳಿ ಕಂಡಿತಾ, ಎಲ್ಲ ಮಾತಲ್ಲೇ ದಾಟಬೇಕು. ಇವರಿಗೆ ಕಿವಿ ಚುರುಕು, ನನಗೆ ಕಣ್ಣು. ಕೂಗು ಕೇಳಿದ ಕೂಡಲೇ ಇವರು ಕೈ ಎತ್ತುತ್ತಾರೆ, ಕೊಂಬೆ ಹುಡುಕುವ ಕೆಲಸ ನನ್ನದು. ಮದುವೆಯಾದ ಮೇಲೆ ನಾವು ಒಬ್ಬರಿಗೊಬ್ಬರು ಅತಿ ಹೆಚ್ಚು ಮಾತಾಡಿರುವುದು ಬಹುಶಃ ಹಕ್ಕಿಗಳ ಮುಂದೆಯೇ.

ಈ ಸಲ ಬೆಳಗಾವಿಯಿಂದ ಹೊರಟು ಧೂಪದಾಳ, ಅಲ್ಲಿಂದ ಮುಧೋಳದ ಹತ್ತಿರ ನನ್ನ ತವರು, ಆಮೇಲೆ ಆಲಮಟ್ಟಿ ಹಿನ್ನೀರು, ಕೊನೆಗೆ ವಿಜಯಪುರ ಅಂತ ದಾರಿ ಹಾಕಿಕೊಂಡೆವು.

ಶುಕ್ರವಾರ: ಧೂಪದಾಳ

ಬೆಳಗಾವಿ ಬಿಟ್ಟಾಗ ಇನ್ನೂ ಕತ್ತಲೆ. ಹೆದ್ದಾರಿ ಬೇಗ ಮುಗಿಯಿತು. ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರೇಲರ್, ಮೇಲೆ ಮುಗಿಲಿಗೆ ಮುಟ್ಟುವಷ್ಟು ಕಬ್ಬು. ಈ ಕಡೆ ಕಾರ್ಖಾನೆ ಹಂಗಾಮು ನಡೆಯುವಾಗ ಗಾಡಿ ಓಡಿಸುವವರು ಕತ್ತಲಲ್ಲಿ ಅವಸರ ಮಾಡಬಾರದು, ಎಷ್ಟೋ ಟ್ರೇಲರುಗಳಿಗೆ ಹಿಂದೆ ದೀಪವೇ ಇರುವುದಿಲ್ಲ. ನಾವು ಒಂದರ ಹಿಂದೆ ನಿಧಾನಕ್ಕೆ ಹೋದೆವು. ಅದರ ಮೇಲೆ ಕಾಜಾಣವೊಂದು ಕೂತು ನಮ್ಮ ಜೊತೆಗೇ ಬಹಳ ದೂರ ಬಂತು. ಕಬ್ಬಿನಿಂದ ಏಳುವ ಹುಳ ಹಿಡಿಯುವುದು, ಮತ್ತೆ ಬಂದು ಕೂರುವುದು. ಆ ದಿನದ ಪಟ್ಟಿಯಲ್ಲಿ ಮೊದಲ ಹೆಸರು ಅದರದೇ.

ಧೂಪದಾಳದಲ್ಲಿ ಘಟಪ್ರಭಾ ನದಿಗೆ ಅಡ್ಡಲಾಗಿ ಹಳೆಯ ಒಡ್ಡು ಇದೆ. ಒಡ್ಡಿನ ಹಿಂದೆ ನಿಂತ ನೀರು, ನಡುಗಡ್ಡೆಗಳು, ಆಪು ಹುಲ್ಲು ಎಲ್ಲ ಸೇರಿ ಘಟಪ್ರಭಾ ಪಕ್ಷಿಧಾಮ ಆಗಿದೆ. 1974ರಲ್ಲಿ ಘೋಷಣೆ ಆಗಿದ್ದು, 30 ಚದರ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಮಂಡ್ಯದ ರಂಗನತಿಟ್ಟು ಎಲ್ಲರಿಗೂ ಗೊತ್ತು, ನಮ್ಮ ಜಿಲ್ಲೆಯ ಈ ಜಾಗ ಬೆಳಗಾವಿಯಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಅದು ನನಗೆ ಬೇಜಾರಿನ ವಿಷಯ.

ನೀರಿನ ಮೇಲೆ ಮಂಜು ತೆಳ್ಳಗೆ ಎದ್ದಿತ್ತು. ಏನೂ ಕಾಣದಿದ್ದಾಗಲೇ ಇವರು ಬರೆಸತೊಡಗಿದರು. ಹುಂಡುಕೋಳಿ, ಮಡಿವಾಳ ಹಕ್ಕಿ, ಉಲಿಯಕ್ಕಿ, ದೂರದಲ್ಲೆಲ್ಲೋ ಕೆಂಬೂತ. ಮಂಜು ಕರಗುತ್ತಾ ಬಂದ ಹಾಗೆ ಒಂದೊಂದೇ ಕಾಣಿಸತೊಡಗಿದವು. ನೀರುಕಾಗೆಗಳು ಒಣ ಮರದ ಮೇಲೆ ರೆಕ್ಕೆ ಬಿಚ್ಚಿ ಕೂತಿದ್ದವು. ಪಕ್ಕದಲ್ಲಿ ಹಾವಕ್ಕಿ, ಕುತ್ತಿಗೆ ಮಾತ್ರ ನೀರಿನ ಮೇಲೆ. ಆಪಿನ ಅಂಚಿಗೆ ನೇರಳೆ ಜಂಬುಕೋಳಿಗಳು ಕೆಂಪು ಕೊಕ್ಕಿನಿಂದ ದಂಟು ಮುರಿದು, ಅದನ್ನು ಕಾಲಲ್ಲಿ ಹಿಡಿದುಕೊಂಡು ತಿನ್ನುತ್ತಿದ್ದವು.

ಕಪ್ಪು ಬಿಳಿ ಮಿಂಚುಳ್ಳಿಯ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ನಮ್ಮಲ್ಲಿ ಕಾಣುವ ಉಳಿದ ಮಿಂಚುಳ್ಳಿಗಳು ಹೆಚ್ಚಾಗಿ ಕೊಂಬೆಯ ಮೇಲೆ, ತಂತಿಯ ಮೇಲೆ ಕೂತು ಹೊಂಚು ಹಾಕುತ್ತವೆ. ಇದು ಗಾಳಿಯಲ್ಲೇ ನಿಲ್ಲುತ್ತದೆ. ರೆಕ್ಕೆ ಬಡಿಯುತ್ತಾ, ಕೊಕ್ಕು ಕೆಳಗೆ ಮಾಡಿ, ಒಂದೇ ಜಾಗದಲ್ಲಿ. ಆಮೇಲೆ ನೇರ ನೀರಿಗೆ. ಬೈನಾಕ್ಯುಲರ್ ನನ್ನ ಕೈಯಲ್ಲಿತ್ತು. "ನಿಂತಿದೆ, ಇನ್ನೂ ನಿಂತಿದೆ, ಹೋಯ್ತು, ಇಲ್ಲ ಮೀನು ಸಿಗಲಿಲ್ಲ, ಮತ್ತೆ ಮೇಲೆ ಬಂತು" ಅಂತ ನಾನು ಹೇಳುತ್ತಲೇ ಇದ್ದೆ. ಇವರು ಪೆನ್ನು ಹಿಡಿದು ಸುಮ್ನೆ ನಿಂತುಬಿಟ್ಟಿದ್ದರು. ಅದು ಮೀನು ಹಿಡಿಯುವ ತನಕ ನಾವಿಬ್ಬರೂ ಕದಲಲಿಲ್ಲ.

ಟ್ಯೂಬಿನ ಮೇಲೆ ಕೂತು ಬಲೆ ಬಿಡುತ್ತಿದ್ದ ಒಬ್ಬರು ದಡಕ್ಕೆ ಬಂದರು. "ಫೋಟೊ ತಗೀತೀರೇನ್ರಿ?" ಅಂದರು. ಇಲ್ಲ, ಎಣಿಸ್ತೀವಿ ಅಂದೆವು. ಅವರಿಗೆ ಅದು ಆಶ್ಚರ್ಯ ಅನಿಸಲೇ ಇಲ್ಲ. "ಹಂಗಾರ ಸಂಜೀಕ ಬರ್ರಿ, ಬೆಳ್ಳಕ್ಕಿ ಎಲ್ಲಾ ಆ ಗಡ್ಡಿಗೆ ವಸ್ತಿ ಬರ್ತಾವು, ಆವಾಗ ಎಣಸಾಕ ಬರ್ತೈತಿ" ಅಂದು ನಡುಗಡ್ಡೆ ತೋರಿಸಿದರು. ಚಳಿಗಾಲಕ್ಕೆ ಇಲ್ಲಿಗೆ ಡೆಮೊಯ್ಸೆಲ್ ಕ್ರೇನ್ ಬರುತ್ತವೆ ಅಂತ ಪಕ್ಷಿಧಾಮದ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ, ಕಂಡವಾ ಅಂತ ಕೇಳಿದೆ. ಉದ್ದ ಕಾಲು, ಬೂದು ಮೈ, ಕಣ್ಣಿನ ಹಿಂದೆ ಬಿಳಿ ಗರಿ ಅಂತ ಕೈಯಲ್ಲೇ ಮಾಡಿ ತೋರಿಸಿದೆ. ಈ ವರ್ಷ ತಾನು ನೋಡಿಲ್ಲ ಅಂದರು. ನಮಗೂ ಸಿಗಲಿಲ್ಲ.

ಬಿಸಿಲು ಏರಿದ ಮೇಲೆ ಗೋಕಾಕ. ಫೆಬ್ರವರಿಯಲ್ಲಿ ಜಲಪಾತದಲ್ಲಿ ನೀರು ಇರುವುದಿಲ್ಲ ಅಂತ ಜನ ಹೋಗುವುದೇ ಇಲ್ಲ. ಹಕ್ಕಿ ನೋಡುವವರಿಗೆ ಆಗಲೇ ಒಳ್ಳೆಯದು. 52 ಮೀಟರ್ ಎತ್ತರದ ಬಂಡೆಗೋಡೆ ಪೂರ್ತಿ ಬಿಚ್ಚಿಕೊಂಡಿರುತ್ತದೆ. ಅದರ ಮುಂದೆ ಕಂದು ಬಣ್ಣದ ಬಂಡೆ ಕವಲುತೋಕೆಗಳು ಮೇಲೆ ಕೆಳಗೆ ಹಾರುತ್ತಲೇ ಇರುತ್ತವೆ. ಎಣಿಸಲು ಹೊರಟು ಒಂದು ಅಂದಾಜಿಗೆ ನಿಲ್ಲಿಸಿದೆವು. ಕರದಂಟು ಕಟ್ಟಿಸಿಕೊಂಡು, ಯಾದವಾಡದ ಮೇಲೆ ಮುಧೋಳದ ದಾರಿ ಹಿಡಿದೆವು. ಹೊಲದ ಬದುಗಳಲ್ಲಿ ಮುತ್ತುಗ ಹೂ ಬಿಡಲು ಶುರುವಾಗಿತ್ತು. ಒಂದು ಮರದ ಮೇಲೆ ಗುಲಾಬಿ ಕಬ್ಬಕ್ಕಿಗಳು ತುಂಬಿಕೊಂಡು ಗಲಾಟೆ ಮಾಡುತ್ತಿದ್ದವು. ಮುಖದ ತುಂಬ ಹೂವಿನ ಪುಡಿ.

ಶನಿವಾರ: ತವರಿನ ಹಿತ್ತಲು

ಬೆಳಗ್ಗೆ ಐದಕ್ಕೇ ಯಡಹಳ್ಳಿ ಕಡೆ ಹೊರಡಬೇಕಿತ್ತು. ಗಾಡಿಯ ಹಿಂದಿನ ಚಕ್ರ ನೆಲಕ್ಕೆ ಕೂತಿತ್ತು. ಜಾಲಿ ಮುಳ್ಳು. ಸ್ಟೆಪ್ನಿ ಹಾಕೋಣ ಅಂದರೆ ಅದರಲ್ಲೂ ಗಾಳಿ ಇಲ್ಲ. ಎರಡೇ ವಾರದ ಹಿಂದೆ ಗ್ಯಾರೇಜಿನವರು ಎಲ್ಲ ನೋಡಿ ಸರಿ ಇದೆ ಅಂದಿದ್ದರು. ಪಂಕ್ಚರ್ ಅಂಗಡಿ ತೆಗೆಯುವುದು ಒಂಬತ್ತಕ್ಕೆ. ನನ್ನ ತಮ್ಮ ಎರಡೂ ಚಕ್ರಗಳನ್ನು ಬೈಕಿಗೆ ಕಟ್ಟಿಕೊಂಡು ಆಮೇಲೆ ಹೋಗುವುದಾಗಿ ಹೇಳಿದ. ನಾವಿಬ್ಬರೂ ಹಿತ್ತಲಿನ ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡು ಕೂತೆವು. ಅವ್ವ ಚಹಾ ತಂದಿಟ್ಟಳು.

ಆಮೇಲೆ ಅಲ್ಲಿಂದ ಏಳಲೇ ಇಲ್ಲ ಅನ್ನಬೇಕು. ಹಿತ್ತಲು ಏನೂ ದೊಡ್ಡದಲ್ಲ. ಒಂದು ಬೇವು, ಒಂದು ನುಗ್ಗೆ, ನಿಂಬೆ, ಬಟ್ಟೆ ಒಗೆಯುವ ಕಲ್ಲು, ಅದರ ನೀರು ಹರಿದು ಹೋಗುವಲ್ಲಿ ಕೆಸು ಮತ್ತು ಬಾಳೆ, ಆಚೆಗೆ ತಿಪ್ಪೆ. ಹಕ್ಕಿಗೆ ಬೇಕಾಗಿದ್ದು ಎಲ್ಲ ಅಲ್ಲೇ ಇದೆ. ಒಗೆಯುವ ಕಲ್ಲಿನ ನೀರಿಗೆ ಪಿಕಳಾರಗಳು ಬಂದು ಸ್ನಾನ ಮಾಡಿದವು. ನುಗ್ಗೆ ಹೂವಿಗೆ ಸೂರಕ್ಕಿ. ಗಂಡು ಸೂರಕ್ಕಿ ಈಗ ಪೂರ್ತಿ ಕಡುನೀಲಿ ಬಣ್ಣಕ್ಕೆ ತಿರುಗಿತ್ತು, ಬಿಸಿಲು ಬಿದ್ದ ಕಡೆ ಹೊಳೆಯುತ್ತಿತ್ತು. ತಿಪ್ಪೆಯಲ್ಲಿ ಚಂದ್ರಮುಕುಟ ಹಕ್ಕಿ ಉದ್ದ ಕೊಕ್ಕು ಒಳಗಿಳಿಸಿ ಹುಳ ಎಳೆಯುತ್ತಿತ್ತು. ಹರಟೆಮಲ್ಲಗಳ ಗುಂಪು ಒಂದು ಬೇಲಿಯಿಂದ ಇನ್ನೊಂದಕ್ಕೆ ಜಗಳಾಡುತ್ತಲೇ ದಾಟಿತು. ಊರಾಚೆಯಿಂದ ಕಂಚುಗಾರ ಹಕ್ಕಿಯ ಟುಕ್ ಟುಕ್, ಒಂದೇ ತಾಳ, ನಿಲ್ಲುವುದೇ ಇಲ್ಲ.

ಇವರು ಕೆಸುವಿನ ಕಡೆ ಕೈ ಮಾಡಿದರು. ಟುವ್ವಿ ಹಕ್ಕಿ ಕೂಗುತ್ತಿತ್ತು. ಹೆಬ್ಬೆರಳಿನಷ್ಟು ಮೈ, ಕೂಗು ಮಾತ್ರ ಅಂಗಳದ ತನಕ. ಅದು ನಿಂಬೆ ಗಿಡದ ಎರಡು ಎಲೆ ಹತ್ತಿರ ಮತ್ತೆ ಮತ್ತೆ ಹೋಗಿ ಬರುತ್ತಿತ್ತು. ಗೂಡು ಹೊಲಿಯುತ್ತಿದೆಯೋ ಏನೋ ಅಂತ ಇವರಿಗೆ ಎದ್ದು ನೋಡುವ ಆಸೆ. ನಾನು ಬೇಡ ಅಂದೆ. ಗೂಡು ಕಟ್ಟುವ ಹೊತ್ತಿನಲ್ಲಿ ನಾವು ಹತ್ತಿರ ಹೋದರೆ ಹಕ್ಕಿ ಗೂಡನ್ನೇ ಬಿಟ್ಟು ಹೋಗಬಹುದು. ಹೊರಸಿನಿಂದಲೇ ನೋಡಿದೆವು, ಎಲೆಯ ಮರೆಯಲ್ಲಿ ಹೆಚ್ಚೇನೂ ಕಾಣಲಿಲ್ಲ. ನೋಟ್‌ಬುಕ್ಕಿನಲ್ಲಿ "ಒಂದು, ಕೂಗು ಮತ್ತು ನೋಟ" ಅಂತ ಬರೆದೆವು.

ಅವ್ವ ಮೊದಲು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಆಮೇಲೆ ಮೊರ ತಂದು ನಮ್ಮ ಪಕ್ಕದಲ್ಲೇ ಕೂತಳು, ಜೋಳ ಹಸನು ಮಾಡುತ್ತಾ. ಮೊರದಿಂದ ಬಿದ್ದ ನುಚ್ಚಿಗೆ ಗುಬ್ಬಿಗಳು ಅವಳ ಕಾಲಿನ ತನಕ ಬಂದವು. ನಾನು ಎಣಿಸುತ್ತಿದ್ದರೆ ಅವಳು ತಡೆದಳು. "ಅದು ಆಗಲೇ ಬಂದು ಹೋದದ್ದ ಐತಿ, ಎರಡ ಸಲ ಎಣಸಬ್ಯಾಡ." ಹೇಗೆ ಗೊತ್ತು ಅಂದೆ. ಒಂದು ಗಂಡು ಗುಬ್ಬಿಯ ಬಾಲದಲ್ಲಿ ಗರಿ ಇರಲಿಲ್ಲ, ಅದನ್ನು ತೋರಿಸಿದಳು. ಇದು ಎಣಿಕೆಯಲ್ಲಿ ನಿಜವಾದ ತೊಡಕು. ಅಂಗಳದಲ್ಲಿ ಅದದೇ ಹಕ್ಕಿ ಹತ್ತು ಸಲ ಬರುತ್ತದೆ. ಅದಕ್ಕೇ ಒಂದೇ ಹೊತ್ತಿಗೆ ಕಣ್ಣಿಗೆ ಕಂಡ ಅತಿ ದೊಡ್ಡ ಸಂಖ್ಯೆಯನ್ನೇ ಬರೆಯುವುದು ಒಳ್ಳೆಯದು. ಅವ್ವ ಈ ನಿಯಮವನ್ನು ಯಾರಿಂದಲೂ ಕಲಿತವಳಲ್ಲ.

ಬೇವಿನ ಪೊಟರೆಯಲ್ಲಿ ಹಾಲಕ್ಕಿಯ ಜೋಡಿ ಇರುವುದನ್ನು ಹೇಳಿದವಳೂ ಅವಳೇ. ಚಿಕ್ಕ ಗೂಬೆಗಳು, ಮೈ ತುಂಬ ಬಿಳಿ ಚುಕ್ಕೆ. ನಾನು ಹುಟ್ಟಿ ಬೆಳೆದ ಮನೆಯ ಮರ ಅದು. ಹಗಲು ಹೊತ್ತು ಎರಡೂ ಒಂದಕ್ಕೊಂದು ಒತ್ತಿಕೊಂಡು ಕೊಂಬೆಯ ಬುಡದಲ್ಲಿ ಕೂತಿದ್ದವು. ಒಂದು ಇನ್ನೊಂದರ ತಲೆಯ ಗರಿ ಕೆದರಿ ಹಸನು ಮಾಡುತ್ತಿತ್ತು. ಬೈನಾಕ್ಯುಲರನ್ನು ಅವ್ವನ ಕೈಗೆ ಕೊಟ್ಟೆವು. ಬಹಳ ಹೊತ್ತು ನೋಡಿದಳು. "ಕಣ್ಣ ಎಷ್ಟ ಹಳದಿ ಅದಾವಲ್ಲ" ಅಂದಳು. ಹಾಲಕ್ಕಿ ನುಡಿ, ಶಕುನ ಅಂತ ನಮ್ಮ ಕಡೆ ಇರುವ ಮಾತೆಲ್ಲ ಅವಳಿಗೆ ಗೊತ್ತು, ಆ ಹೊತ್ತಿನಲ್ಲಿ ಅದೊಂದೂ ಎತ್ತಲಿಲ್ಲ.

ಮಧ್ಯಾಹ್ನ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ತಿಂದು ಅದೇ ಹೊರಸಿನ ಮೇಲೆ ಸ್ವಲ್ಪ ಮಲಗಿದೆವು.

ಸಂಜೆ ತಮ್ಮನ ಬೈಕ್ ತೆಗೆದುಕೊಂಡು ಯಡಹಳ್ಳಿ ಗುಡ್ಡಗಳ ಅಂಚಿನ ತನಕ ಹೋಗಿ ಬಂದೆವು. ಚಿಂಕಾರ ಅನ್ನುವ ಹುಲ್ಲೆಗಳಿಗೆಂದು 2016ರಲ್ಲಿ ವನ್ಯಧಾಮ ಆದ ಜಾಗ ಇದು, ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹರಡಿದೆ. ಒಳಗೆ ಹೋಗಬೇಕಾದರೆ ಅರಣ್ಯ ಇಲಾಖೆಯನ್ನು ಕೇಳಬೇಕು, ನಾವು ರಸ್ತೆಯಲ್ಲೇ ನಿಂತೆವು. ಕುರುಚಲು ಗಿಡ, ಕೆಂಪು ಕಲ್ಲು, ಒಣ ಹುಲ್ಲು. ಸುಮ್ನೆ ದಾಟಿ ಹೋಗುವವರಿಗೆ ಬರಡು ಅನಿಸುತ್ತದೆ. ಅರ್ಧ ಗಂಟೆಯಲ್ಲಿ ಗೌಜಲಹಕ್ಕಿಗಳು ಎರಡು ಕಡೆಯಿಂದ ಕೂಗಿದವು, ತಂತಿಯ ಮೇಲೆ ನೀಲಕಂಠ ಕೂತಿತು, ಹಾರಿದಾಗ ರೆಕ್ಕೆ ನೀಲಿ ಬಿಚ್ಚಿತು. ಚಿಂಕಾರ ಕಾಣಲಿಲ್ಲ. ಹೊತ್ತು ಮುಳುಗಿ ಕತ್ತಲಾಗುವ ನಡುವೆ ಸಣ್ಣ ನೀರಿನ ಹೊಂಡಕ್ಕೆ ಪೇಂಟೆಡ್ ಸ್ಯಾಂಡ್‌ಗ್ರೌಸ್‌ಗಳು ಬಂದಿಳಿದವು. ಬೇರೆ ಹೊತ್ತಿನಲ್ಲಿ ಇವು ನೆಲದ ಬಣ್ಣದಲ್ಲಿ ಸೇರಿಹೋಗಿರುತ್ತವೆ, ಮುಸ್ಸಂಜೆಗೆ ಹೀಗೆ ನೀರಿಗೆ ಬರುತ್ತವೆ. ಬೆಳಕು ಕಮ್ಮಿ ಇತ್ತು. ಇವರು ನೋಡಿ ಹೇಳಿದರು, ನಾನು ಕತ್ತಲಲ್ಲೇ ಬರೆದೆ. ಬೆಳಗ್ಗೆ ನೋಡಿದರೆ ಅಕ್ಷರ ಒಂದರ ಮೇಲೊಂದು ಬಿದ್ದಿದ್ದವು, ಸಂಖ್ಯೆ ಮಾತ್ರ ಸರಿಯಾಗಿ ಓದಲು ಬಂತು.

ಭಾನುವಾರ: ಚಿಕ್ಕಸಂಗಮ, ಹಿನ್ನೀರು

ಘಟಪ್ರಭಾ ಬಂದು ಕೃಷ್ಣೆಯನ್ನು ಸೇರುವ ಜಾಗ ಚಿಕ್ಕಸಂಗಮ. ಹಿನ್ನೀರು ತುಂಬಿದಾಗ ಇಲ್ಲಿನ ಗುಡಿ ನೀರೊಳಗೆ ನಿಲ್ಲುತ್ತದೆ. ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಹಾಕಿದ್ದು ಲಾಲ್ ಬಹದ್ದೂರ್ ಶಾಸ್ತ್ರಿ, ಜಲಾಶಯಕ್ಕೆ ಅವರದೇ ಹೆಸರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಈಗ ನೀರು ನಿಲ್ಲುವ ಎತ್ತರ ಸಮುದ್ರ ಮಟ್ಟದಿಂದ 519.60 ಮೀಟರ್. ಬಾಗಲಕೋಟೆಯ ಹಳೆ ಊರಿನ ಒಂದು ಭಾಗವೂ, ಸುತ್ತಲಿನ ಎಷ್ಟೋ ಹಳ್ಳಿಗಳೂ ಈ ನೀರಿನಲ್ಲಿ ಹೋದವು. ನಮ್ಮ ಬಳಗದಲ್ಲೂ ಮನೆ ಕಳೆದುಕೊಂಡವರಿದ್ದಾರೆ. ಈ ದಡದಲ್ಲಿ ನಿಂತು ಹಕ್ಕಿ ನೋಡುವಾಗ ನನಗೆ ಅದು ಯಾವಾಗಲೂ ನೆನಪಿರುತ್ತದೆ.

ಇಲ್ಲಿ ಹಕ್ಕಿ ನೋಡಬೇಕಾದರೆ ನೀರಿನ ಮಟ್ಟ ನೋಡಿಕೊಂಡು ಬರಬೇಕು. ಜಲಾಶಯ ತುಂಬಿರುವಾಗ ಬಂದರೆ ಕಣ್ಣಿಗೆ ಎಟುಕುವಷ್ಟೂ ನೀರೇ. ಸಂಕ್ರಾಂತಿ ದಾಟಿದ ಮೇಲೆ ಕಾಲುವೆಗೆ ನೀರು ಹೋಗಿ ಹೋಗಿ ಮಟ್ಟ ಇಳಿಯುತ್ತದೆ, ದಡದಲ್ಲಿ ಮೊಣಕಾಲುದ್ದದ ನೀರು, ಅದರಾಚೆ ಹಸಿ ಕೆಸರು ಹೊರಬರುತ್ತದೆ. ಉದ್ದ ಕಾಲಿನ ಹಕ್ಕಿಗಳಿಗೆಲ್ಲ ಊಟ ಇರುವುದು ಆ ಕೆಸರಿನಲ್ಲೇ. ಬೆಳಗ್ಗೆ ಹೋಗುವವರು ಮೂಡಣ ದಡದಲ್ಲಿ ನಿಲ್ಲಬೇಕು, ಬೆಳಕು ಬೆನ್ನ ಹಿಂದೆ ಇರುತ್ತದೆ, ಬಣ್ಣ ಸರಿಯಾಗಿ ಕಾಣುತ್ತದೆ. ಇನ್ನೊಂದು ಮಾತು, ದಡದ ಎರೆಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ಹಸಿ ಇರುತ್ತದೆ. ನೀರಿನ ಹತ್ತಿರ ಕಾಲಿಟ್ಟರೆ ಮೊಣಕಾಲಿನ ತನಕ ಇಳಿಯುತ್ತದೆ. ದನ ಓಡಾಡಿದ ಜಾಡಿನಲ್ಲೇ ನಡೆಯಬೇಕು.

ಮಂಜು ಆ ದಿನ ಗಟ್ಟಿಯಾಗಿತ್ತು. ಬೈನಾಕ್ಯುಲರಿನ ಗಾಜಿನ ಮೇಲೆ ಹನಿ ಕೂತು ಎಷ್ಟು ಒರೆಸಿದರೂ ಮತ್ತೆ ಮಸುಕು. ಅಷ್ಟರಲ್ಲಿ ಎದುರಿನಿಂದ ಸದ್ದು ಬಂತು. ಮೂಗಿನಿಂದ ಕರೆದ ಹಾಗೆ, ಆಂಗ್, ಆಂಗ್, ಬಹಳ ದನಿಗಳು. ಇವರು ನನ್ನ ಮೊಣಕೈ ಹಿಡಿದರು. ಪಟ್ಟೆ ತಲೆಯ ಹೆಬ್ಬಾತುಗಳು. ಮಂಜಿನೊಳಗಿಂದ ಸಾಲು ಸಾಲಾಗಿ ಬಂದು, ತಲೆಯ ಮೇಲೇ ತಿರುಗಿ, ನೀರಿಗೆ ಇಳಿದವು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಟಿಬೆಟ್, ಲಡಾಖ್, ಮಂಗೋಲಿಯಾ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳು. ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಷ್ಟು ದೂರದಿಂದ ಬಂದು ಬೀಳಗಿ ತಾಲೂಕಿನ ಕೆಸರಿನಲ್ಲಿ ಇಳಿಯುತ್ತವೆ ಅಲ್ವಾ, ನನಗೆ ಪ್ರತಿ ಸಲವೂ ಮೈ ಜುಮ್ ಅನ್ನುತ್ತದೆ.

ಹೊಲದ ಕಡೆಯಿಂದ ಒಬ್ಬ ಹಿರಿಯರು ಕಂಬಳಿ ಹೊದ್ದು ಬಂದರು. ಕೈಯಲ್ಲಿ ತಗಡಿನ ಡಬ್ಬ, ಒಂದು ಕೋಲು. ರಾತ್ರಿಯೆಲ್ಲ ಕಡಲೆ ಹೊಲ ಕಾದು ಬಂದವರು. "ಇವು ಹಗಲೆಲ್ಲಾ ನೀರಾಗ ಕುಂತಿರ್ತಾವು, ರಾತ್ರಿ ನಮ್ಮ ಹೊಲಕ್ಕ ಇಳೀತಾವು" ಅಂದರು. ನೀರು ಇಳಿದ ಮೇಲೆ ಹೊರಬಂದ ನೆಲದಲ್ಲೇ ಕಡಲೆ ಹಾಕಿದ್ದಾರೆ. ಅದು ಒಂದು ಕಾಲಕ್ಕೆ ಅವರದೇ ಹೊಲ. ಪರಿಹಾರ ಬಂದಿದೆ, ಕಾಗದದಲ್ಲಿ ಈಗ ಅವರದಲ್ಲ. ನೀರು ಬೇಗ ಇಳಿದ ವರ್ಷ ಒಂದು ಬೆಳೆ ಸಿಗುತ್ತದೆ. "ಅಲ್ಲಿ ಕುಂತಾವಲ್ಲ, ಆ ಬಿಳೀ ಹಕ್ಕಿ, ಅದರ ಹಿಂದ ನಮ್ಮ ಮನಿ ಇತ್ತರಿ." ಬೆರಳು ತೋರಿಸಿದ ಕಡೆ ಚಮಚ ಕೊಕ್ಕಿನ ಹಕ್ಕಿಗಳು ತಲೆ ಆಚೆ ಈಚೆ ಆಡಿಸುತ್ತಾ ನೀರು ಸೋಸುತ್ತಿದ್ದವು.

ನಾನು ಏನು ಹೇಳಬೇಕೋ ತಿಳಿಯದೆ ಬೈನಾಕ್ಯುಲರ್ ಕೊಟ್ಟೆ. ಅವರು ಹೆಬ್ಬಾತುಗಳನ್ನು ನೋಡಿದರು, ಆಮೇಲೆ ಮನೆ ಇದ್ದ ಜಾಗವನ್ನೂ ನೋಡಿದರು. ಹಕ್ಕಿಗಳ ಮೇಲೆ ಸಿಟ್ಟು ಬರಲ್ವಾ ಅಂತ ಇವರು ಕೇಳಿದರು. "ಬರ್ತೈತ್ರಿ, ಕಡ್ಲಿ ತಿಂದಾಗ. ಓಡಸ್ತೀನಿ. ಕೊಲ್ಲಾಕ ಹೋಗಂಗಿಲ್ಲ." ಹಕ್ಕಿ ಪ್ರೀತಿಸುವ ನಾವು ಅವರ ಬೆಳೆ ಹಾಳಾಗುವುದನ್ನು ಸಣ್ಣ ವಿಷಯ ಅಂತ ಅಂದುಕೊಳ್ಳಬಾರದು. ಹಕ್ಕಿಗೆ ಊಟ ಹಾಕುತ್ತಿರುವವರು ಅವರು, ನಷ್ಟವೂ ಅವರದೇ. ಚಳಿಗಾಲದ ಅತಿಥಿಗಳು ಅಂತ ಹೆಮ್ಮೆಪಡುವ ನಾಡು ಕಾವಲು ಕಾಯುವವರಿಗೂ ಏನಾದರೂ ಕೊಡಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಹೋಗುವಾಗ ಅವರು ಒಂದು ಹಿಡಿ ಹಸಿ ಕಡಲೆ ಗಿಡ ಕಿತ್ತು ನಮ್ಮ ಕೈಗೆ ಹಾಕಿದರು.

ಹತ್ತು ಗಂಟೆಗೆ ಮಂಜು ಹರಿಯಿತು. ರಾಜಹಂಸಗಳು ಎದುರಿಗೇ ಇದ್ದವು, ಮಂಜಿನಲ್ಲಿ ಇಷ್ಟು ಹೊತ್ತು ಕಂಡಿರಲಿಲ್ಲ ಅಷ್ಟೇ. ತೆಳು ಗುಲಾಬಿ, ಕೆಲವು ಮರಿವಯಸ್ಸಿನವು ಬೂದು. ಗುಲಾಬಿ ಬಣ್ಣ ಅವಕ್ಕೆ ಊಟದಿಂದ ಬರುತ್ತದೆ, ಪಾಚಿ ಮತ್ತು ಸಣ್ಣ ಜಲಚರಗಳಿಂದ, ಹಾಗಾಗಿ ಎಳೆಯವಕ್ಕೆ ಇನ್ನೂ ಬಣ್ಣ ಹತ್ತಿರುವುದಿಲ್ಲ. ತಲೆ ಪೂರ್ತಿ ಉಲ್ಟಾ ಮಾಡಿ, ಕೊಕ್ಕನ್ನು ಕೆಸರು ನೀರಿನಲ್ಲಿಟ್ಟು, ಕಾಲಿನಿಂದ ತುಳಿಯುತ್ತಾ ನಿಧಾನಕ್ಕೆ ಸರಿಯುತ್ತವೆ. ಬೈನಾಕ್ಯುಲರ್ ನಮ್ಮ ನಡುವೆ ಎಷ್ಟು ಸಲ ಕೈ ಬದಲಾಯಿತೋ. ದೂರದಲ್ಲಿ ಮೋಟರ್‌ಸೈಕಲ್ ಮೇಲೆ ಬಂದ ಹುಡುಗರು ಹಾರುವ ಫೋಟೊ ಬೇಕೆಂದು ಚಪ್ಪಾಳೆ ತಟ್ಟುತ್ತಾ ನೀರಿನ ಕಡೆ ಓಡಿದರು. ಹಿಂಡು ನೀರಿನ ಮೇಲೆ ಓಡಿ ಎದ್ದಿತು, ಕೆಂಪು ಕಪ್ಪು ರೆಕ್ಕೆಗಳು ಬಿಚ್ಚಿಕೊಂಡವು. ನೋಡಲು ಚೆಂದವೇ. ಆದರೆ ಎದ್ದ ಹಿಂಡು ಮತ್ತೆ ಮೇಯಲು ಇಳಿಯಲಿಲ್ಲ, ಆಚೆ ದಡ ದಾಟಿ ಹೋಯಿತು. ಇವರು ಹುಡುಗರ ಹತ್ತಿರ ಹೋಗಿ ಮಾತಾಡಿದರು, ಬೈಯಲಿಲ್ಲ. ಬೈನಾಕ್ಯುಲರಿನಲ್ಲಿ ಹೆಬ್ಬಾತು ತೋರಿಸಿದರು. ಒಬ್ಬ ಹುಡುಗ ಕೊನೆಗೆ ಆ್ಯಪ್ ಹೆಸರು ಕೇಳಿ ಫೋನಿಗೆ ಇಳಿಸಿಕೊಂಡ.

ಆ ಹೊತ್ತಿನಲ್ಲೇ ಹ್ಯಾರಿಯರ್ ಬಂದದ್ದು. ನಮ್ಮಲ್ಲಿ ಸೆಳೆವ ಅನ್ನುವ ಹದ್ದಿನ ಜಾತಿ. ಬೈನಾಕ್ಯುಲರ್ ಇವರ ಹತ್ತಿರ, ನಾನು ಬರಿಗಣ್ಣು. ಜೋಳದ ಹೊಲದ ಮೇಲೆ ಬಹಳ ಕೆಳಗೆ, ರೆಕ್ಕೆ ಮೇಲೆತ್ತಿ ತೇಲುತ್ತಾ ಬಂತು. ಕಂದು ಮೈ, ಸೊಂಟದ ಮೇಲೆ ಬಿಳಿ ಪಟ್ಟಿ. ಹೆಣ್ಣು, ಅಲ್ಲದಿದ್ದರೆ ಎಳೆಯದು. ಓಡಿ ಬಂದು ಇವರ ಕೈಯಿಂದ ಬೈನಾಕ್ಯುಲರ್ ಇಸಿದುಕೊಳ್ಳುವಷ್ಟರಲ್ಲಿ ಬದು ದಾಟಿ ಹೋಗಿತ್ತು. ಕತ್ತಿನಲ್ಲಿ ತೆಳು ಬಣ್ಣದ ಪಟ್ಟಿ ಇತ್ತು ಅಂತ ನನಗೆ ಅನಿಸಿತು, ಹಾಗಿದ್ದರೆ ಪ್ಯಾಲಿಡ್ ಹ್ಯಾರಿಯರ್. ಇವರು ಕತ್ತು ನೋಡಿದೆ, ಪಟ್ಟಿ ಇರಲಿಲ್ಲ, ಮಾಂಟಗ್ಯೂ ಅಂದರು. ಮಧ್ಯಾಹ್ನದ ಊಟದ ತನಕ ಇದೇ ಚರ್ಚೆ.

ಊಟ ಅಂದೆನಲ್ಲ, ಅದು ಒಂದು ಜೋಳದ ಹೊಲದಲ್ಲಿ. ಸೀತನಿ ಕಾಲದ ಕೊನೆ. ರಸ್ತೆ ಪಕ್ಕ ಸುಡುತ್ತಿದ್ದವರನ್ನು ಕಂಡು ನಿಂತೆವು, ಅವರು ಕರೆದು ಕೂರಿಸಿದರು. ಹಾಲುಗಾಳಿನ ತೆನೆ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಬಿಸಿ ಕಾಳು ಶೇಂಗಾ ಹಿಂಡಿ, ಬೆಲ್ಲದ ಜೊತೆ. ಅಟ್ಟಣಿಗೆ ಮೇಲೆ ನಿಂತ ಹುಡುಗಿ ಕವಣೆ ಬೀಸುತ್ತಿದ್ದಳು. ಪ್ರತಿ ಕಲ್ಲಿಗೂ ಗುಲಾಬಿ ಕಬ್ಬಕ್ಕಿಗಳ ಮೋಡ ಎದ್ದು, ಸುತ್ತು ಹಾಕಿ, ಹೊಲದ ಇನ್ನೊಂದು ತುದಿಗೆ ಇಳಿಯುತ್ತಿತ್ತು. ಎಷ್ಟಿರಬಹುದು ಅಂತ ಅವಳನ್ನೇ ಕೇಳಿದೆವು. "ಎಣಸಿದವರು ಯಾರೂ ಇಲ್ರಿ" ಅಂದಳು. ನಾವು ಹಿಂಡಿನ ಒಂದು ಮೂಲೆಯಲ್ಲಿ ಐವತ್ತನ್ನು ಎಣಿಸಿ, ಅಂಥ ಎಷ್ಟು ತುಂಡು ಅಂತ ನೋಡಿ ಬರೆದೆವು. ದೊಡ್ಡ ಹಿಂಡಿಗೆ ಅದೇ ದಾರಿ.

ಸೋಮವಾರ: ಕೊಲ್ಹಾರ, ವಿಜಯಪುರ

ಬಾಗಲಕೋಟೆಯಲ್ಲಿ ಉಳಿದ ವಸತಿಗೃಹದಲ್ಲಿ ಬಿಸಿನೀರು ಬರಲಿಲ್ಲ, ಬೇಗ ಹೊರಡಲು ಅದೂ ಒಂದು ಕಾರಣ. ಕೃಷ್ಣೆಯ ಮೇಲಿನ ಕೊರ್ತಿ ಕೊಲ್ಹಾರ ಸೇತುವೆ ಬಹಳ ಉದ್ದ. ಲಾರಿಗಳು ಜೋರಾಗಿ ಹೋಗುವುದರಿಂದ ಮೇಲೆ ನಿಲ್ಲುವುದು ಬೇಡ, ಸೇತುವೆ ಮುಗಿದ ಮೇಲೆ ಕೆಳಗಿಳಿದು ನೋಡಬಹುದು. ಹೊಳೆ ರೀವಗಳು ನೀರಿನ ಮೇಲೆ ಓಡಾಡುತ್ತಿದ್ದವು, ಹಳದಿ ಕೊಕ್ಕು, ಕಪ್ಪು ಟೋಪಿ. ಕೊಲ್ಹಾರಕ್ಕೆ ಹೋಗಿ ಮೊಸರು ತಿನ್ನದೆ ಬರಲಾಗುತ್ತದಾ? ಮಣ್ಣಿನ ಗಡಿಗೆಯಲ್ಲಿ ಹೆಪ್ಪಾದ ಮೊಸರು, ಗಡಿಗೆ ಬಾಗಿಸಿದರೂ ಅಲ್ಲಾಡದಷ್ಟು ಗಟ್ಟಿ. ಒಂದು ಗಡಿಗೆ ಅಲ್ಲೇ ಮುಗಿಸಿ, ಇನ್ನೊಂದನ್ನು ಕಾಲಿನ ನಡುವೆ ಇಟ್ಟುಕೊಂಡು ಬಂದೆ.

ವಿಜಯಪುರದಲ್ಲಿ ಭೂತನಾಳ ಕೆರೆಗೆ ಹೋದಾಗ ಬಿಸಿಲು ಏರಿತ್ತು, ನಾಮಕೋಳಿ ಮತ್ತು ಗುಳುಮುಳುಕ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಸಂಜೆ ಗೋಲಗುಮ್ಮಟದ ಅಂಗಳದಲ್ಲಿ ಕೂತೆವು. 1656ರ ಕಟ್ಟಡ, ಹೊರಗಿನ ಅಳತೆಗೆ ಗುಮ್ಮಟದ ಅಗಲವೇ 44 ಮೀಟರ್. ಜನ ಒಳಗೆ ಕೂಗಿ ಪ್ರತಿಧ್ವನಿ ಕೇಳುತ್ತಿದ್ದರು. ಹೊರಗೆ ಗಿಣಿಗಳು ಗೋಪುರದ ಸಂದಿಗಳಿಗೆ ಮಲಗಲು ಬರುತ್ತಿದ್ದವು, ಒಂದೊಂದು ಸಂದಿಗೂ ಜಗಳ. ಮೇಲೆ ಬಾನಾಡಿಗಳು ಕಿರುಚುತ್ತಾ ಸುತ್ತುತ್ತಿದ್ದವು. ಹುಲ್ಲಿನ ಮೇಲೆ ಕೂತಿದ್ದ ಕಾವಲುಗಾರರೊಬ್ಬರು ನಮ್ಮ ಬೈನಾಕ್ಯುಲರ್ ನೋಡಿ ಹತ್ತಿರ ಬಂದರು. "ಗುಮ್ಮಟ ನೋಡಾಕ ಎಲ್ಲಾರೂ ಬರ್ತಾರ, ಗಿಣಿ ನೋಡಾಕ ಬಂದವರು ನೀವ" ಅಂದು, ಯಾವ ಸಂದಿಯಲ್ಲಿ ಮರಿ ಇದೆ ಅಂತ ತೋರಿಸಿದರು. ಕತ್ತಲಾಗುವ ತನಕ ಅಲ್ಲೇ ಇದ್ದೆವು.

ಎಣಿಕೆ ಮುಗಿಯುವ ಮೊದಲೇ ಎಲ್ಲ ಪಟ್ಟಿ ಏರಿಸಿದೆವು. ಹ್ಯಾರಿಯರ್ ಮುಂದೆ ಇಬ್ಬರೂ ಪಟ್ಟು ಬಿಡಲಿಲ್ಲ. ಇಬರ್ಡ್‌ನಲ್ಲಿ ಪ್ಯಾಲಿಡ್ ಅಥವಾ ಮಾಂಟಗ್ಯೂ ಅಂತ ಎರಡನ್ನೂ ಸೇರಿಸಿ ಹಾಕುವ ಆಯ್ಕೆ ಇದೆ, ಅದನ್ನೇ ಹಾಕಿದೆವು. ಮಂಗಳವಾರ ಬೆಳಗ್ಗೆ ಅವ್ವನ ಫೋನ್ ಬಂತು. ಹಿತ್ತಲಿನ ಗುಬ್ಬಿ ಹದಿಮೂರು, ಪಿಕಳಾರ ನಾಲ್ಕು, ಹಾಲಕ್ಕಿ ಎರಡು, ಬರೆದುಕೋ ಅಂದಳು. ಆ ನಾಲ್ಕು ದಿನದ ಎಣಿಕೆ ನಿನ್ನೆಗೇ ಮುಗೀತು ಅಂದೆ. "ಹಕ್ಕಿ ಇವತ್ತೂ ಬಂದಾವಲ್ಲ" ಅಂದಳು. ಇಬರ್ಡ್‌ಗೆ ವರ್ಷದ ಯಾವ ದಿನ ಬೇಕಾದರೂ ಪಟ್ಟಿ ಕೊಡಬಹುದು. ಎಷ್ಟು ಹೊತ್ತು ಕೂತಿದ್ದೆ ಅಂತ ಕೇಳಿ ಬರೆದುಕೊಂಡೆ, ಇವರು ಏರಿಸಿದರು.